ಗುಡ್ಡಕ್ಕೆ ಏರಿಸಿದ ನೀರು

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ನನ್ನನ್ನು ಅರಸೀಕೆರೆಗೆ ವರ್ಗ ಮಾಡಿದರು. ಊರಿನ ವಿದ್ಯುತ್ ಸಬ್‌ಸ್ಟೇಷನ್ನಿಗೆ ನಾನೇ ಸೂಪರ್‌ವೈಸರ್. ವಯಸ್ಸು ಇಪ್ಪತ್ತೇಳು. ಪೆಟ್ಟಿಗೆಯಲ್ಲಿ ಡಿಪ್ಲೊಮಾ ಪತ್ರ, ಬಾಯಲ್ಲಿ ಇಂಗ್ಲಿಷು, ಯಾರು ಏನು ಹೇಳಿದರೂ ಮೊದಲು ಅದರಲ್ಲಿ ತಪ್ಪು ಹುಡುಕುವ ಚಾಳಿ. ಮದುವೆಯಾಗಿ ಎರಡು ವರ್ಷವಾಗಿತ್ತು. ರೈಲ್ವೆ ಸ್ಟೇಷನ್ನಿಗೂ ಕೊಬ್ಬರಿ ಮಂಡಿಗಳಿಗೂ ನಡುವೆ ಒಂದು ಹೆಂಚಿನ ಮನೆ ಹಿಡಿದೆವು. ಹಗಲೆಲ್ಲ ಶಂಟಿಂಗ್ ಇಂಜಿನ್ನಿನ ಸದ್ದು, ಒಣಕೊಬ್ಬರಿಯ ವಾಸನೆ. ನನ್ನ ಹೆಂಡತಿಗೆ ಮೊದಲ ತಿಂಗಳು ದಿನಾ ತಲೆನೋವು. ಆಮೇಲೆ ರಜೆಗೆ ತವರಿಗೆ ಹೋದಾಗ, ಆ ಸದ್ದಿಲ್ಲದೆ ನಿದ್ದೆಯೇ ಬರಲಿಲ್ಲ ಅಂತ ನಗುತ್ತಾ ಹೇಳಿದಳು.

ನಮ್ಮ ಊರಿಗೆ ಕರೆಂಟು ಬರುತ್ತಿದ್ದದ್ದು ಬಹಳ ದೂರದಿಂದ. ಎಲ್ಲೋ ಒಂದು ನದಿ ಬಂಡೆಗಳ ಮೇಲಿಂದ ಧುಮುಕುವ ಕಡೆ ಅದು ಹುಟ್ಟಿ, ಕಂಬದಿಂದ ಕಂಬಕ್ಕೆ ಹಾಯ್ದು, ದಾರಿಯಲ್ಲಿ ಸಿಕ್ಕ ಊರುಗಳಿಗೆಲ್ಲ ಪಾಲು ಕೊಟ್ಟು, ಕೊನೆಗೆ ನಮ್ಮಲ್ಲಿಗೆ ತಲುಪುತ್ತಿತ್ತು. ನಮ್ಮಲ್ಲಿಂದ ಒಂದು ಕವಲು ಹಳೇಬೀಡಿನ ಮೇಲೆ ಬೇಲೂರಿನ ಕಡೆ ಹೋಗುತ್ತಿತ್ತು. ಅಂದರೆ ನಮ್ಮದು ಆ ಲೈನಿನ ಬಾಲ. ಮೂಲದಲ್ಲಿ ನೀರಿಗೇನೂ ಬರವಿರಲಿಲ್ಲ. ಕೊರತೆ ಇದ್ದದ್ದು ತಂತಿಯದು. ಸಣ್ಣ ಕಾಲುವೆಯಲ್ಲಿ ಎಷ್ಟು ನೀರು ಹರಿಯಬಹುದೋ ಅಷ್ಟೇ ಹರಿಯುವ ಹಾಗೆ, ನಮ್ಮ ತೆಳ್ಳನೆಯ ತಂತಿಯಲ್ಲಿ ಎಷ್ಟು ಬರಬಹುದೋ ಅಷ್ಟೇ ಬರುತ್ತಿತ್ತು. ದಪ್ಪ ತಂತಿ ಹಾಕೋಣವೆಂದರೆ ಯುದ್ಧದ ಕಾಲ. ತಾಮ್ರವೆಲ್ಲ ಬೇರೆ ಕಡೆ ಹೋಗುತ್ತಿತ್ತು.

ಕರೆಂಟನ್ನು ರಾಗಿಯ ಹಾಗೆ ಕಣಜದಲ್ಲಿ ತುಂಬಿಡಲು ಆಗುವುದಿಲ್ಲ. ಬೇಕಾದ ಗಳಿಗೆಯಲ್ಲಿ ಹುಟ್ಟಬೇಕು, ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎಣ್ಣೆ ಗಿರಣಿ, ಅಕ್ಕಿ ಗಿರಣಿ ಎಲ್ಲ ಊಟಕ್ಕೆ ನಿಲ್ಲುತ್ತಿದ್ದವು. ಆಗ ನಮ್ಮ ಲೈನು ಮುಕ್ಕಾಲುಪಾಲು ಖಾಲಿ. ಸಾಯಂಕಾಲ ಆರಕ್ಕೆ ಮಾತ್ರ ಗಿರಣಿ, ಮನೆ ದೀಪ, ಬೀದಿ ದೀಪ, ಆಸ್ಪತ್ರೆ, ಟೆಂಟ್ ಸಿನಿಮಾ, ಊರಿಗೆ ನೀರು ಹತ್ತಿಸುವ ಪಂಪು, ಎಲ್ಲವೂ ಒಟ್ಟಿಗೆ ಕೈ ಚಾಚುತ್ತಿದ್ದವು. ದೀಪಗಳು ಬಾಡಿದ ದಾಸವಾಳದ ಹಾಗೆ ಕೆಂಪಾಗುತ್ತಿದ್ದವು. ಜನ ಬೈಯುತ್ತಿದ್ದದ್ದು ನನ್ನನ್ನು.

ಊರಾಚೆ ಒಂದು ಬಂಡೆಗುಡ್ಡವಿತ್ತು. ಅದರ ನೆತ್ತಿಯಲ್ಲಿ ಕುಡಿಯುವ ನೀರಿನ ತೊಟ್ಟಿ, ಬುಡದಲ್ಲಿ ಬಾವಿ ಮತ್ತು ಪಂಪ್‌ಹೌಸು. ಅಲ್ಲಿನ ಪಂಪ್ ಡ್ರೈವರಿಗೆ ನನಗಿಂತ ಹದಿನೈದು ವರ್ಷ ಹೆಚ್ಚಾಗಿರಬಹುದು. ಹಳೇಬೀಡಿನ ಹತ್ತಿರದ ಹಳ್ಳಿಯ ಒಕ್ಕಲು ಮನೆತನದವರು. ಚಿಕ್ಕಂದಿನಲ್ಲೇ ಯಂತ್ರಗಳ ಹಿಂದೆ ಬಿದ್ದು, ರೈಲಿನಲ್ಲಿ ಕೆಲವು ವರ್ಷ ಇಂಜಿನ್ನಿಗೆ ಕಲ್ಲಿದ್ದಲು ಎಸೆದು, ಕೊನೆಗೆ ಇಲ್ಲಿ ನೆಲೆ ನಿಂತಿದ್ದರು. ಕನ್ನಡ ನಿಧಾನವಾಗಿ ಓದುತ್ತಿದ್ದರು, ಬರೆಯುವುದು ಸಹಿಯಷ್ಟೇ. ಮಾತು ಕಮ್ಮಿ. ಆದರೆ ಅವರ ಪಂಪ್‌ಹೌಸಿನ ನೆಲದಲ್ಲಿ ಒಂದು ತೊಟ್ಟು ಎಣ್ಣೆ ಇರುತ್ತಿರಲಿಲ್ಲ. ಮೋಟಾರಿನ ಹಿತ್ತಾಳೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನಾನು ಅವರನ್ನು ಯಜಮಾನರೇ ಅನ್ನುತ್ತಿದ್ದೆ, ಅವರು ನನ್ನನ್ನು ಸ್ವಾಮಿ ಅನ್ನುತ್ತಿದ್ದರು.

ಒಂದು ದಿನ ಅವರು ಆಫೀಸಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು.

"ಸ್ವಾಮಿ, ಒಂದ್ ಮಾತು. ಮದ್ಯಾನ ವೋಲ್ಟ್ ಮೀಟ್ರು ಮುಳ್ಳು ಮ್ಯಾಲೈತೆ. ಸಂಜಿಕೆ ನಾನು ಪಂಪ್ ಹಾಕ್ತಿದ್ದಂಗೆ ಕುಸ್ದೋಯ್ತದೆ. ನೀರು ಮದ್ಯಾನವೇ ಏರ್ಸಿ ಮಡಗಿದ್ರೆ ಆಗಾಕಿಲ್ವಾ? ತೊಟ್ಟೀಲಿ ಇರ್ತೈತೆ. ಸಂಜಿಕೆ ತಾನಾಗೇ ಇಳ್ಕಂಡ್ ಬತ್ತೈತೆ."

ಪಂಪ್ ಹಾಕುವ ವೇಳೆಯನ್ನು ಮೇಲಿನ ಆಫೀಸು ಗೊತ್ತು ಮಾಡಿತ್ತು: ಬೆಳಿಗ್ಗೆ ಎರಡು ಗಂಟೆ, ಸಾಯಂಕಾಲ ಎರಡು ಗಂಟೆ. ಅದನ್ನು ಬದಲಾಯಿಸಲು ನಾನು ಪತ್ರ ಬರೆದು ಒಪ್ಪಿಗೆ ತರಿಸಬೇಕಿತ್ತು. ಪತ್ರ ಬರೆಯಲಿಲ್ಲ. "ನಾಳೆಯಿಂದ ಹಾಗೇ ಮಾಡಿ ನೋಡಿ" ಅಂದೆ, ಬಾಯಿಮಾತಿನಲ್ಲಿ.

ಮೂರನೆಯ ದಿನದ ಹೊತ್ತಿಗೆ ಊರಿಗೇ ವ್ಯತ್ಯಾಸ ಗೊತ್ತಾಯಿತು. ದೀಪಗಳು ಹಳದಿಯಾಗಿ, ಆಮೇಲೆ ಬಿಳಿಯಾಗಿ ಉರಿದವು. ಆಸ್ಪತ್ರೆಯ ಡಾಕ್ಟರು ದಾರಿಯಲ್ಲಿ ಸಿಕ್ಕಿ ಕೈಕುಲುಕಿದರು. ಎಣ್ಣೆ ಗಿರಣಿಯ ಸಾಹುಕಾರರು ಒಂದು ಬಿಂದಿಗೆ ಎಣ್ಣೆ ಕಳಿಸಿದರು. ಹೆಂಡತಿ ಅದನ್ನು ವಾಪಸ್ಸು ಕಳಿಸಿದಳು. ಆ ತಿಂಗಳ ವರದಿಯಲ್ಲಿ ನಾನು ಬರೆದೆ: "ನಾನು ಕೈಗೊಂಡ ಕ್ರಮಗಳಿಂದ ಸಾಯಂಕಾಲದ ವೋಲ್ಟೇಜು ಸುಧಾರಿಸಿದೆ." ಯಾವ ಕ್ರಮ ಅಂತ ಬರೆಯಲಿಲ್ಲ. ಯಾರ ಕ್ರಮ ಅಂತಲೂ ಬರೆಯಲಿಲ್ಲ. ಆಗ ಅದು ದೊಡ್ಡ ತಪ್ಪು ಅನ್ನಿಸಲಿಲ್ಲ.

ಪಂಪ್ ಡ್ರೈವರ ತಲೆ ಅಲ್ಲಿಗೆ ನಿಲ್ಲಲಿಲ್ಲ. ಮೂರು ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಪಂಪ್‌ಹೌಸಿಗೆ ಬಂದು ಹೋಗಬೇಕು ಅಂತ ಹೇಳಿಕಳಿಸಿದರು. ಹೋದೆ. ಗಿರಣಿಯ ಸಾಹುಕಾರರೂ ಇನ್ನಿಬ್ಬರೂ ಆ ಕಡೆ ತಿರುಗಾಡಲು ಬಂದಿದ್ದವರು ಜೊತೆಗೆ ನಿಂತರು. ಗುಡ್ಡದಿಂದ ಇಳಿಯುವ ಕೊಳವೆಯಲ್ಲಿ ಕಸ ತೊಳೆಯಲು ಒಂದು ಸಣ್ಣ ನಲ್ಲಿ ಇತ್ತು. ಅದರ ಬಾಯಿಗೆ ಅವರು ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಮಾಡಿದ ಒಂದು ಚಕ್ರ ಹೂಡಿದ್ದರು. ಚಕ್ರದ ಅಂಚಿಗೆ ಸೈಕಲ್ಲಿನ ಡೈನಮೊ, ಡೈನಮೊಗೆ ಎರಡು ತಂತಿ, ತಂತಿಯ ತುದಿಗೆ ಕಡಲೆಕಾಯಿಯಷ್ಟು ಬಲ್ಬು. ನಲ್ಲಿ ತಿರುಗಿಸಿದರು. ನೀರು ತಗಡಿನ ಎಸಳುಗಳಿಗೆ ಬಡಿದು ಚಕ್ರ ಗಿರ್ರನೆ ತಿರುಗಿತು. ಬಲ್ಬು ಹತ್ತಿತು. ಹಗಲು ಬೆಳಕಿನಲ್ಲೂ ಕಾಣುವಷ್ಟು ಹತ್ತಿತು.

"ಮದ್ಯಾನದ ಕರೆಂಟ್ನಲ್ಲಿ ಏರ್ಸಿದ್ ನೀರು ಸ್ವಾಮಿ ಇದು," ಅಂದರು. ಅವರ ಮುಖದಲ್ಲಿ ನಾನು ಅಂಥ ನಗು ಮೊದಲು ನೋಡಿರಲಿಲ್ಲ. "ಇದನ್ನೇ ದೊಡ್ಡದಾಗಿ ಮಾಡಿದ್ರೆ, ಸಂಜಿಕೆ ನೀರ್ ಬುಟ್ಟು ಕರೆಂಟ್ ವಾಪಸ್ ತಗಾಬೈದು. ಆ ಹೊತ್ನಲ್ಲಿ ತಂತೀನ ಕಾಯಂಗೇ ಇಲ್ಲ."

ನಾನು ತಕ್ಷಣ ಜೇಬಿನಿಂದ ಪೆನ್ಸಿಲ್ ತೆಗೆದೆ. ಪಂಪಿನಲ್ಲಿ ಇಷ್ಟು ನಷ್ಟ, ಕೊಳವೆಯ ತಿಕ್ಕಾಟದಲ್ಲಿ ಇಷ್ಟು, ಚಕ್ರದಲ್ಲಿ ಇಷ್ಟು, ಡೈನಮೊದಲ್ಲಿ ಇಷ್ಟು. "ಯಜಮಾನರೇ, ಹತ್ತು ಪಾಲು ಕರೆಂಟು ಹಾಕಿ ಆರು ಪಾಲು ತೆಗೆಯುತ್ತೀರಿ. ನಾಲ್ಕು ಪಾಲು ಸೋರಿಹೋಗುತ್ತೆ. ಇದು ಲಾಭವೋ ನಷ್ಟವೋ?" ಸಾಹುಕಾರರು ಜೋರಾಗಿ ನಕ್ಕರು. "ಇಂಥ ಯಾಪಾರ ಮಾಡಿದ್ರೆ ನನ್ ಗಿರಣಿಗೆ ಬೀಗವೇ ಸೈ" ಅಂದರು. ಎಲ್ಲರೂ ನಕ್ಕರು. ಡ್ರೈವರು ನಲ್ಲಿ ನಿಲ್ಲಿಸಿ, ಚಕ್ರವನ್ನು ಒರೆಸಿ ಒಳಗಿಟ್ಟರು.

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದೆ, ತಮಾಷೆಯ ಸಂಗತಿ ಅನ್ನುವ ಹಾಗೆ. ಅವಳು ಒರಳಿನ ಮುಂದೆ ಕೂತು ಮಾರನೆಯ ದಿನದ ದೋಸೆಗೆ ರುಬ್ಬುತ್ತಿದ್ದಳು.

"ನಾನೀಗ ಯಾಕೆ ರುಬ್ತಾ ಇದೀನಿ ಹೇಳಿ?" ಅಂದಳು.

"ಬೆಳಿಗ್ಗೆ ಪುರುಸೊತ್ತಿರಲ್ಲ ಅಂತ."

"ಒರಳಿಗೆ ಒಂದಿಷ್ಟು ಹಿಟ್ಟು ಅಂಟ್ಕೊಂಡು ಹೋಗತ್ತೆ. ಪಾತ್ರೆಗೂ ಅಂಟತ್ತೆ. ಹೋಯ್ತಲ್ಲಾ ಅಂತ ರುಬ್ಬದೇ ಇರ್ಲಾ? ನಿಮಗೆ ಬೆಳಿಗ್ಗೆ ಎಂಟಕ್ಕೆ ದೋಸೆ ಬೇಕಲ್ರೀ. ಈ ಹೊತ್ತಿನ ಹಿಟ್ಟೂ ಆ ಹೊತ್ತಿನ ಹಿಟ್ಟೂ ಒಂದೇನಾ?"

ನನಗೆ ಸಿಟ್ಟು ಬಂತು. ಲೆಕ್ಕ ಬೇರೆ, ಅಡುಗೆಮನೆ ಬೇರೆ ಅಂದುಬಿಟ್ಟೆ. ಆದರೆ ಆ ವಾರವೆಲ್ಲ ಆ ಮಾತು ಕೊರೆಯಿತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಮಧ್ಯಾಹ್ನದ ಹತ್ತು ಪಾಲು ಯಾರಿಗೂ ಬೇಡದ್ದು, ಸಾಯಂಕಾಲದ ಆರು ಪಾಲು ಊರೆಲ್ಲ ಬಾಯಿಬಿಟ್ಟು ಕಾಯುವಂಥದ್ದು. ಅವೆರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನ್ನ ದಡ್ಡತನ. ಡ್ರೈವರಿಗೆ ಅದು ಹೊಳೆದಿತ್ತು. ಹೇಳಲು ನನ್ನಂಥ ಭಾಷೆ ಇರಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ನಾನೇ ಪಂಪ್‌ಹೌಸಿಗೆ ಹೋದೆ. ಕ್ಷಮೆ ಕೇಳಲಿಲ್ಲ. "ದೊಡ್ಡದಾಗಿ ಮಾಡೋದು ಅಂದ್ರಲ್ಲ, ಎಲ್ಲಿ?" ಅಂತ ಕೇಳಿದೆ. ಅವರು "ನಮ್ಮೂರ್ತಾವ ಒಂದ್ ಜಾಗ ಐತೆ, ಬತ್ತೀರಾ?" ಅಂದರು.

ಹದಿನೈದು ದಿನ ಬಿಟ್ಟು ಇಬ್ಬರೂ ಹೋದೆವು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲ ಒಲೆಯ ಡ್ರಮ್ಮು ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಜಾವಗಲ್ಲಿನ ಏರಿನಲ್ಲಿ ಎಲ್ಲರೂ ಇಳಿದು ನಡೆದೆವು. ಹಳೇಬೀಡಿನಲ್ಲಿ ಕೆರೆ ತುಂಬಿತ್ತು. ದೇವಸ್ಥಾನದ ಕಡೆ ತಿರುಗದೆ ಅವರು ಕೆರೆ ಏರಿಯ ಮೇಲೆ ಬಿರಬಿರನೆ ನಡೆದರು. ಒಂದು ಗಂಟೆ ನಡೆದ ಮೇಲೆ ಅವರ ಊರು. ಊರ ಹಿಂದೆ ಗುಡ್ಡ, ಗುಡ್ಡದ ಭುಜದ ಮೇಲೆ ಹಿಂದಿನವರು ದನಗಳಿಗೆಂದು ಕಟ್ಟಿದ್ದ ಕಲ್ಲುಕಟ್ಟೆ, ನೇರ ಕೆಳಗೆ ಊರ ಕೆರೆ. ಬೇಲೂರಿನ ಕಡೆ ಹೋಗುವ ನಮ್ಮ ಲೈನು ಆ ಕೆರೆಯ ಪಕ್ಕದಲ್ಲೇ ಹಾದಿತ್ತು.

ಅವರು ಮೊದಲೇ ಹಗ್ಗ ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಎತ್ತರ ಅಳೆದಿದ್ದರು. ಕಟ್ಟೆಯ ಉದ್ದ ಅಗಲ ಹೆಜ್ಜೆಯಲ್ಲಿ ಅಳೆದಿದ್ದರು. ಎಲ್ಲ ಬಾಯಲ್ಲೇ ಇತ್ತು. ನಾನು ಬಂಡೆಯ ಮೇಲೆ ಕೂತು, ಮನೆಯಿಂದ ಬಂದಿದ್ದ ಕಾಗದದ ಲಕೋಟೆಯ ಹಿಂದೆ ಲೆಕ್ಕ ಹಾಕಿದೆ. ಕಟ್ಟೆಯ ದಂಡೆಯನ್ನು ಒಂದಾಳು ಎತ್ತರಿಸಿದರೆ ಸಾಯಂಕಾಲದ ಎರಡು ಗಂಟೆ ಆ ಕವಲಿನ ದೀಪಗಳಿಗೆ ಸಾಕಾಗುವಷ್ಟು ಬರುತ್ತಿತ್ತು. ಆ ಕವಲು ತನ್ನ ಪಾಡು ತಾನು ನೋಡಿಕೊಂಡರೆ ಅರಸೀಕೆರೆಯ ಮೇಲಿನ ಹೊರೆಯೂ ಇಳಿಯುತ್ತಿತ್ತು. ಇನ್ನೊಮ್ಮೆ ಲೆಕ್ಕ ಹಾಕಿದೆ. ಅದೇ ಬಂತು.

"ಇದು ಆಗುತ್ತೆ ಯಜಮಾನರೇ," ಅಂದೆ.

"ಆಯ್ತದೆ ಅಂತೀರಾ?"

"ಆಗುತ್ತೆ. ಇಲ್ಲೇ ಅಲ್ಲ, ಎಲ್ಲೆಲ್ಲಿ ಗುಡ್ಡವೂ ಕೆರೆಯೂ ಹತ್ತಿರ ಇದೆಯೋ ಅಲ್ಲೆಲ್ಲ ಆಗುತ್ತೆ."

ಅವರು ಪಂಚೆಯ ತುದಿಯಿಂದ ಕತ್ತು ಒರೆಸಿಕೊಂಡು, ಕೆರೆಯನ್ನು ನೋಡುತ್ತಾ ನಿಂತರು. ಆಮೇಲೆ ಅವರ ತಂಗಿಯ ಮನೆಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಗಟ್ಟಿ ಮೊಸರು. ತಂಗಿ ಬಡಿಸುತ್ತಾ, "ನಮ್ಮಣ್ಣಯ್ಯ ಗುಡ್ಡದ್ಮ್ಯಾಲೆ ಹಗ್ಗ ಹಿಡ್ಕಂಡ್ ಓಡಾಡೋದ್ ನೋಡಿ ಊರೋರು ನಗಾಡ್ತಿದ್ರು ಸ್ವಾಮಿ. ನೀವು ಬಂದ್ರಿ, ಈಗ ಎಲ್ರೂ ಬಾಯ್ ಮುಚ್ಕಂಡ್ರು" ಅಂದಳು. ಆ ಮನೆಯಿಂದ ಹೊರಡುವಾಗ, ನಾನು ಇವರ ಪರವಾಗಿ ನಿಲ್ಲುತ್ತೇನೆ ಅಂತ ನಿಜವಾಗಿಯೂ ಅಂದುಕೊಂಡಿದ್ದೆ.

ಮಳೆಗಾಲ ಮುಗಿದ ಮೇಲೆ ದೊಡ್ಡ ಇಂಜಿನಿಯರರು ತನಿಖೆಗೆ ಬರುತ್ತಾರೆಂದು ಪತ್ರ ಬಂತು. ಡ್ರೈವರು ತಮ್ಮೂರ ಶಾಲೆಯ ಮೇಷ್ಟರಿಂದ ಚೆಂದದ ಅಕ್ಷರದಲ್ಲಿ ಒಂದು ಅರ್ಜಿ ಬರೆಸಿ ತಂದರು. ಗುಡ್ಡ, ಕಟ್ಟೆ, ಕೆರೆ, ಲೈನು ಎಲ್ಲ ಸೇರಿಸಿ ಒಂದು ನಕ್ಷೆಯೂ ಇತ್ತು. "ನೀವೇ ಕೊಟ್ಟು ಒಂದ್ ಮಾತ್ ಹೇಳಿ ಸ್ವಾಮಿ. ನಾನ್ ಹೇಳಿದ್ರೆ ಅವ್ರಿಗೆ ಕಿವೀಗ್ ಬೀಳಾಕಿಲ್ಲ" ಅಂದರು. ನಾನು ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಬರೆದು ಅದಕ್ಕೆ ಸೇರಿಸಬೇಕೆಂದಿದ್ದೆ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ಮೊದಲನೆಯ ಸಾಲಿನಲ್ಲೇ ನಿಂತೆ. ಈ ಯೋಚನೆ ಒಬ್ಬ ಪಂಪ್ ಡ್ರೈವರಿನದು ಅಂತ ಬರೆಯಬೇಕಲ್ಲ. ಡಿಪ್ಲೊಮಾ ಇರುವ ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು ಅಂತ ಬರೆಯಬೇಕಲ್ಲ. ನನ್ನದೇ ಅಂತ ಬರೆಯುವಷ್ಟು ಕೆಟ್ಟವನೂ ಆಗಿರಲಿಲ್ಲ. ಹಾಗಾಗಿ ಏನೂ ಬರೆಯದೆ ಅರ್ಜಿಯನ್ನು ಮಿಕ್ಕ ಕಾಗದಗಳ ಕೆಳಗಿಟ್ಟೆ.

ಇಂಜಿನಿಯರರು ಬೆಳಗಿನ ರೈಲಿಗೆ ಬಂದರು. ಸೂಟು ಹಾಕಿ ಮೇಲೆ ಜರಿ ಪೇಟ ಸುತ್ತಿದ್ದರು. ಲಾಗ್ ಪುಸ್ತಕ ತಿರುವುತ್ತಾ, ಕಾಗದಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದು, ಕೊನೆಗೆ ಆ ಅರ್ಜಿ ಅವರ ಕೈಗೆ ಸಿಕ್ಕಿತು. ಡ್ರೈವರು ಬಾಗಿಲ ಹೊರಗೆ, ಒಗೆದ ಷರಟು ಹಾಕಿಕೊಂಡು, ಕೈಕಟ್ಟಿ ನಿಂತಿದ್ದರು. ನನಗೂ ಅವರಿಗೂ ನಡುವೆ ಎಂಟು ಅಡಿ.

"ಏನ್ರೀ ಇದು?" ಇಂಜಿನಿಯರರು ನಕ್ಷೆ ನೋಡಿ ಹುಬ್ಬೇರಿಸಿದರು. "ಬಿದ್ದ ನೀರನ್ನ ಮತ್ತೆ ಮೇಲೆ ಹತ್ತಿಸೋದು, ಮತ್ತೆ ಬೀಳಿಸೋದು. ಯಾರ್ರೀ ಇದು ಬರೆದೋರು?"

ಅವರ ಮುಖದಲ್ಲಿ ಸಣ್ಣ ನಗು ಇತ್ತು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ಕೆಲವು ತಿಂಗಳ ಹಿಂದೆ ನಾನೇ ಹಾಗೆ ನಕ್ಕಿದ್ದೆ. ನನ್ನ ಹತ್ತಿರ ಉತ್ತರವಿತ್ತು. ಲಕೋಟೆಯ ಹಿಂದಿನ ಲೆಕ್ಕ ನನ್ನ ಮೇಜಿನ ಸೆಳೆಖಾನೆಯಲ್ಲೇ ಇತ್ತು. ಎರಡು ನಿಮಿಷ ಮಾತಾಡಿದ್ದರೆ ಸಾಕಿತ್ತು.

"ನಮ್ಮ ಪಂಪ್ ಡ್ರೈವರಿನ ಒಂದು ಹುಚ್ಚು, ಸಾರ್," ಅಂದೆ. ಅಂದು ನಕ್ಕೆ.

ಇಂಜಿನಿಯರರೂ ನಕ್ಕು ಅರ್ಜಿಯನ್ನು ಪಕ್ಕಕ್ಕಿಟ್ಟರು. ನಾನು ಬಾಗಿಲ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ; ಕಿವಿಗೆ ಬಿದ್ದಿತೆಂದು ಬೆನ್ನಿಗೇ ಗೊತ್ತಾಗುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಲಾಗ್ ಪುಸ್ತಕದಲ್ಲಿ ಪಂಪಿನ ವೇಳೆ ಬದಲಾಗಿರುವುದು ಅವರ ಕಣ್ಣಿಗೆ ಬಿತ್ತು. "ಇದಕ್ಕೆ ಆರ್ಡರ್ ಎಲ್ಲಿ?" ಅಂದರು. ಆರ್ಡರ್ ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದು ನಾನು. "ಅವರೇ ಬದಲಾಯಿಸಿಕೊಂಡಿದ್ದಾರೆ ಸಾರ್. ನನ್ನ ಗಮನಕ್ಕೆ ಈಚೆಗೆ ಬಂತು" ಅಂದೆ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಭಯವಾಗುತ್ತದೆ.

ಡ್ರೈವರನ್ನು ಒಳಗೆ ಕರೆದು ಕೇಳಿದರು. ಅವರು ನನ್ನ ಕಡೆ ಒಂದು ಸಲ ನೋಡಿ, "ಹೌದು ಸ್ವಾಮಿ, ನಾನೇ ಮಾಡ್ಕಂಡಿದ್ದು" ಅಂದರು. ಅಷ್ಟೇ. ನನ್ನ ಹೆಸರು ಎತ್ತಲಿಲ್ಲ.

ತಿಂಗಳೊಳಗೆ ಅವರಿಗೆ ಬೇಲೂರಿಗೆ ವರ್ಗವಾಯಿತು, ಯಗಚಿ ಹೊಳೆಯ ದಂಡೆಯ ಪಂಪ್‌ಹೌಸಿಗೆ. ಅಲ್ಲಿ ಡ್ರೈವರ್ ಕೆಲಸವಲ್ಲ, ಡ್ರೈವರಿನ ಕೈಕೆಳಗಿನ ಕೆಲಸ. ಹೋಗುವ ದಿನ ಪಂಪ್‌ಹೌಸಿನ ಬೀಗದ ಕೈ ಕೊಡಲು ಆಫೀಸಿಗೆ ಬಂದರು. ನಾನು ಹಿಂದಿನ ಕೋಣೆಗೆ ಹೋಗಿ, ಟ್ರಾನ್ಸ್‌ಫಾರ್ಮರಿನ ಎಣ್ಣೆ ನೋಡುವವನ ಹಾಗೆ ನಿಂತಿದ್ದೆ. ಗುಮಾಸ್ತರ ಕೈಗೆ ಕೊಟ್ಟು ಹೋದರು.

ಪಂಪು ಮತ್ತೆ ಹಳೆಯ ವೇಳೆಗೆ ಬಂತು. ದೀಪಗಳು ಮತ್ತೆ ಕೆಂಪಾದವು. ಒಂದು ಸಂಜೆ ಆಸ್ಪತ್ರೆಯ ಡಾಕ್ಟರು ತಾವೇ ಮನೆಗೆ ಬಂದು ಬಾಗಿಲಲ್ಲಿ ನಿಂತರು. ಲಾಟೀನು ಹಿಡಿಸಿಕೊಂಡು ಒಬ್ಬ ಬಾಣಂತಿಗೆ ಹೊಲಿಗೆ ಹಾಕಿ ಬಂದಿದ್ದರು. "ಮಧ್ಯೆ ನಾಲ್ಕಾರು ತಿಂಗಳು ಚೆನ್ನಾಗಿತ್ತಲ್ಲ, ಏನಾಯ್ತು?" ಅಂದರು. ಯುದ್ಧದ ತೊಂದರೆ, ತಾಮ್ರ ಇಲ್ಲ ಅಂತ ಏನೇನೋ ಹೇಳಿದೆ. ಅವರು ಹೋದ ಮೇಲೆ ನನ್ನ ಹೆಂಡತಿ ಒಂದೇ ಮಾತು ಅಂದಳು: "ಅವರಿಗಾದ್ರೂ ನಿಜ ಹೇಳಬಹುದಿತ್ತು." ಅದಾದ ಮೇಲೆ ಅವಳು ಈ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಯುದ್ಧ ಮುಗಿಯಿತು. ನನಗೆ ಬಡ್ತಿ ಬಂತು, ಬೆಂಗಳೂರಿನ ಆಫೀಸಿಗೆ ಹೋದೆ. ಅಲ್ಲಿನ ಲೈಬ್ರರಿಗೆ ವಿದೇಶದ ಇಂಜಿನಿಯರಿಂಗ್ ಪತ್ರಿಕೆಗಳು ಬರುತ್ತಿದ್ದವು; ಯುದ್ಧದಲ್ಲಿ ನಿಂತುಹೋಗಿದ್ದ ಹಳೆಯ ಸಂಚಿಕೆಗಳೂ ಗಂಟು ಗಂಟಾಗಿ ಬಂದಿದ್ದವು. ಒಂದು ಮಧ್ಯಾಹ್ನ ಅವನ್ನು ತಿರುವುತ್ತಿದ್ದಾಗ ಒಂದು ಚಿತ್ರ ಕಂಡಿತು. ಯುರೋಪಿನ ಯಾವುದೋ ಬೆಟ್ಟ. ಮೇಲೊಂದು ಕೆರೆ, ಕೆಳಗೊಂದು ಕೆರೆ, ನಡುವೆ ದಪ್ಪ ಕೊಳವೆಗಳು. ಬೇಡಿಕೆ ಕಮ್ಮಿಯಿರುವ ಹೊತ್ತಿನಲ್ಲಿ ನೀರು ಮೇಲಕ್ಕೆ, ಬೇಡಿಕೆ ಏರಿದಾಗ ಕೆಳಕ್ಕೆ. ದೇಶದಗಲ ಹರಡಿದ ತಂತಿಜಾಲಕ್ಕೆ ಇದು ಊರೆಗೋಲಿನ ಹಾಗೆ. ಎಲ್ಲಿಯಾದರೂ ಒಂದು ವಿದ್ಯುತ್ ಕೇಂದ್ರ ಕೈಕೊಟ್ಟರೆ ಈ ನೀರು ಮುಂದಕ್ಕೆ ಬಂದು ನಿಲ್ಲುತ್ತದೆ ಅಂತ ಬರೆದಿದ್ದರು. ನಷ್ಟದ ಮಾತೂ ಇತ್ತು. ನಷ್ಟವಾಗುತ್ತದೆ, ಆದರೂ ಲಾಭ, ಏಕೆಂದರೆ ಎರಡು ಹೊತ್ತಿನ ವಿದ್ಯುತ್ತಿನ ಬೆಲೆ ಒಂದಲ್ಲ. ನಾವು ಹಗ್ಗದಿಂದ ಗುಡ್ಡ ಅಳೆಯುವುದಕ್ಕೂ ಎಷ್ಟೋ ವರ್ಷ ಮೊದಲೇ ಅವರು ಅದನ್ನು ಕಟ್ಟಿ ಮುಗಿಸಿದ್ದರು. ಆ ಸಂಚಿಕೆಯನ್ನು ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಂಡೆ.

ಅದೇ ವಾರ ರಜೆ ಹಾಕಿ ಬೇಲೂರಿಗೆ ಹೋದೆ. ಪಂಪ್‌ಹೌಸಿನಲ್ಲಿ ಅವರಿರಲಿಲ್ಲ. ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟು ಹಗರೆಯಲ್ಲಿ ಮನೆ ಮಾಡಿಕೊಂಡಿದ್ದಾರೆ, ರೈತರ ಎಣ್ಣೆ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಾರೆ ಅಂದರು. ಹಗರೆಗೆ ಬಂದು ಕೇಳಿದಾಗ ಮೊದಲು ಸಿಕ್ಕವರೇ ಮನೆ ತೋರಿಸಿದರು. ಜಗುಲಿಯಲ್ಲಿ ಬಿಚ್ಚಿದ ಇಂಜಿನ್ನು, ಅದರ ಮುಂದೆ ಅವರು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡು ಎದ್ದು ನಿಂತು, ಎಣ್ಣೆಗೈ ಒರೆಸಿಕೊಂಡರು.

"ಸ್ವಾಮಿ! ಬನ್ನಿ ಬನ್ನಿ. ಏ, ಸ್ವಾಮೇರು ಬಂದವ್ರೆ, ಮಜ್ಜಿಗೆ ತಕಂಬಾ" ಅಂತ ಒಳಗೆ ಕೂಗಿದರು.

ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ನನ್ನ ಮುಖ ನೋಡಲಿಲ್ಲ, ಮಾತಾಡಿಸಲಿಲ್ಲ, ಒಳಗೆ ಹೋದರು. ನಾನು ಪತ್ರಿಕೆ ತೆಗೆದು ಚಿತ್ರ ತೋರಿಸಿದೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ಬೆರಳು ಎಳೆದರು.

"ಇದು ಅದೇ ಅಲ್ವಾ?" ಅಂದರು.

"ಅದೇ."

"ನಡೀತೈತಾ ಇದು?"

"ಎಷ್ಟೋ ವರ್ಷದಿಂದ ನಡೀತಿದೆ. ಅವತ್ತು ನಾನು ಮಾಡಿದ್ದು ದೊಡ್ಡ ತಪ್ಪು ಯಜಮಾನರೇ. ನನಗೆ ಗೊತ್ತಿದ್ದೂ ಹಾಗಂದೆ. ಕ್ಷಮಿಸಬೇಕು." ದಾರಿಯುದ್ದಕ್ಕೂ ಇನ್ನೂ ಏನೇನೋ ಹೇಳಬೇಕೆಂದುಕೊಂಡು ಬಂದಿದ್ದೆ. ಅಷ್ಟೇ ಬಂತು.

ಅವರು "ವರ್ಗ ಆಗಿದ್ದೇನ್ ಬುಡಿ ಸ್ವಾಮಿ, ಎಲ್ಲೋದ್ರೂ ಪಂಪೇ" ಅಂದರು. "ಆದ್ರೆ ನೀವು ಹುಚ್ಚು ಅಂದ್ರಲ್ಲ, ನಾನೂ ಹಂಗೇ ಅಂದ್ಕಂಬುಟ್ಟೆ. ಗುಡ್ಡದ ಮ್ಯಾಲೆ ಆಯ್ತದೆ ಅಂದೋರೂ ನೀವೇ. ಓದಿರೋರು, ಆಮ್ಯಾಕೆ ಇನ್ನೂ ಚೆನ್ನಾಗ್ ಲೆಕ್ಕ ಹಾಕಿ ನೋಡಿರ್ಬೇಕು, ಅದ್ಕೇ ಹಂಗಂದ್ರು ಅಂತ ತಿಳ್ಕಂಡೆ. ಚಕ್ರಾನೂ ಗುಜರೀಗ್ ಹಾಕ್ದೆ. ಅದ್ರ ಬಗ್ಗೆ ಆಮ್ಯಾಕೆ ಯೋಚ್ನೆ ಮಾಡ್ಲೇ ಇಲ್ಲ."

ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳಲೆಂದೇ ಹೋಗಿದ್ದೆ. ಇವರು ನನ್ನ ಸುಳ್ಳನ್ನು ನಂಬಿ, ಅದಕ್ಕೆ ತಮ್ಮ ತಲೆಯನ್ನೇ ಒಪ್ಪಿಸಿಬಿಟ್ಟಿದ್ದರು ಅನ್ನುವುದು ನನ್ನ ಎಣಿಕೆಯಲ್ಲಿರಲಿಲ್ಲ.

ಪತ್ರಿಕೆಯಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಅವರ ಕಣ್ಣು ಮೆಲ್ಲಗೆ ಹಳೆಯ ಹಾಗಾಯಿತು. ಅಲ್ಲಲ್ಲಿ ತಡೆದು ಕೇಳಿದರು. ಪಂಪನ್ನೂ ಚಕ್ರವನ್ನೂ ಒಂದೇ ಕಂಬಿಗೆ ಹೂಡಿದ್ದಾರೆ, ಮೋಟಾರೇ ತಿರುಗಿ ಡೈನಮೊ ಆಗುತ್ತದೆ ಅಂದಾಗ ತೊಡೆ ತಟ್ಟಿ, "ಹಂಗೆ ಮಾಡವ್ರಾ! ನಂಗೆ ಹೊಳೀನಿಲ್ಲ ನೋಡಿ!" ಅಂತ ನಕ್ಕರು. ಒಳಗೆ ಪಾತ್ರೆಯ ಸದ್ದು ನಿಂತಿತು. ಅವರ ಹೆಂಡತಿ ಹೊಸಿಲ ಹತ್ತಿರ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದರು.

ಬಸ್ಸಿಗೆ ಕಳಿಸಲು ರಸ್ತೆಯವರೆಗೆ ಬಂದರು. ಪತ್ರಿಕೆಯನ್ನು ಅವರ ಹತ್ತಿರವೇ ಬಿಟ್ಟೆ. ಬಸ್ಸು ದೂರದಲ್ಲಿ ಕಾಣಿಸಿದಾಗ ಕೇಳಿದರು:

"ಸ್ವಾಮಿ, ಒಂದ್ ಅನುಮಾನ. ನೀರು ಏರಿಸ್ತಾ ಇರೋವಾಗ್ಲೇ ಊರಿಗೆ ದಿಢೀರ್ನೆ ಕರೆಂಟ್ ಬೇಕಾಯ್ತು ಅನ್ನಿ. ಏರ್ಸೋದ್ ನಿಲ್ಸಿ, ತಿರುಗ್ಸಿ, ಕರೆಂಟ್ ಕೊಡಾಕೆ ಎಷ್ಟೊತ್ ಹಿಡೀತೈತೆ? ಅದ್ರ ಮ್ಯಾಲೇ ಎಲ್ಲಾ ನಿಂತಿರೋದು."

ಇಡೀ ವಿಷಯದ ಜೀವ ಅದೇ ಪ್ರಶ್ನೆಯಲ್ಲಿತ್ತು. ನನಗೆ ಗೊತ್ತಿರಲಿಲ್ಲ. ಹುಡುಕಿ ಕಾಗದ ಬರೆಯುತ್ತೇನೆ ಅಂದೆ. "ಬರೀರಿ, ನಿಧಾನಕ್ಕೆ ಓದ್ಕಂತೀನಿ" ಅಂದರು.

ಆರು ತಿಂಗಳ ಮೇಲೆ ಇನ್ನೊಂದು ಸಂಚಿಕೆಯಲ್ಲಿ ಉತ್ತರ ಸಿಕ್ಕಿತು. ಕೆಲವೇ ನಿಮಿಷ. ಅದನ್ನು ಗುರುತು ಹಾಕಿಟ್ಟೆ. ಅಷ್ಟರಲ್ಲಿ ದೊಡ್ಡ ಕೆಲಸಗಳು ಶುರುವಾಗಿದ್ದವು, ಊರೂರು ಅಲೆದಾಟ, ಮಗಳು ಹುಟ್ಟಿದ್ದಳು. ಇವತ್ತು ಬರೆಯೋಣ, ಈ ವಾರ ಬರೆಯೋಣ ಅಂತ ಎರಡು ವರ್ಷ ಹೋಯಿತು. ಕೊನೆಗೊಮ್ಮೆ ಬೇಲೂರಿನ ಕಡೆಯಿಂದ ಬಂದ ಒಬ್ಬ ಲೈನ್‌ಮನ್ನನ್ನು ವಿಚಾರಿಸಿದೆ. ಹಗರೆಯ ಇಂಜಿನ್ ಯಜಮಾನರು ಹೋದ ಬೇಸಿಗೆಯಲ್ಲಿ ತೀರಿಕೊಂಡರು ಸಾರ್, ಅಂದ.